ಹ್ಯಾಶ್‌ಟ್ಯಾಗ್ ಹಾಕಿದರೂ ಜನ ಬರುತ್ತಿಲ್ಲವೇ? ಸಣ್ಣ ಸೇವಾ ಸಂಸ್ಥೆಗಳಿಗೆ ದೋಷ ನಿವಾರಣೆ ಕೈಪಿಡಿ

ನಮ್ಮದು ಒಂದು ಸಣ್ಣ ರಕ್ತದಾನಿಗಳ ಬಳಗ. ಅದರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ (ಹಿಂದಿನ ಟ್ವಿಟರ್) ಖಾತೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೊದಲ ಶಿಬಿರದ ಪೋಸ್ಟರಿಗೆ ಇಪ್ಪತ್ತೆಂಟು ಹ್ಯಾಶ್‌ಟ್ಯಾಗ್ ಹಾಕಿದ್ದೆ. ಬಂದವರು ಹನ್ನೊಂದು ಜನ. ಅವರಲ್ಲಿ ಹೆಚ್ಚಿನವರು ನೆಂಟರು. ಆಮೇಲೆ ಒಂದೊಂದೇ ತಪ್ಪು ಹುಡುಕುತ್ತಾ ಹೋದೆ. ಈಗ ಕೆರೆ ಉಳಿಸುವವರು, ಸರ್ಕಾರಿ ಶಾಲೆಗೆ ಪುಸ್ತಕ ಕೊಡಿಸುವವರು, ಬೀದಿ ನಾಯಿಗಳಿಗೆ ಲಸಿಕೆ ಹಾಕಿಸುವವರು ಫೋನ್ ಮಾಡಿ ಕೇಳುತ್ತಾರೆ. ದೂರುಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಸಾಲಾಗಿ ಇಟ್ಟಿದ್ದೇನೆ. ಮೊದಲು ಖರ್ಚಿಲ್ಲದ, ಎರಡು ನಿಮಿಷದ ಪರೀಕ್ಷೆಗಳು. ಕಷ್ಟದವು ಆಮೇಲೆ.

ಶುರು ಮಾಡುವ ಮೊದಲು ಎರಡು ವಸ್ತು ಇಟ್ಟುಕೊಳ್ಳಿ. ಒಂದು ನೋಟ್‌ಬುಕ್. ಇನ್ನೊಂದು, ನಿಮ್ಮ ಸಂಸ್ಥೆಯನ್ನು ಫಾಲೋ ಮಾಡದ ಯಾರಾದರೊಬ್ಬರ ಫೋನ್. ಪಕ್ಕದ ಮನೆಯವರದ್ದಾದರೂ ಸರಿ. ಈ ಎರಡನೇ ಫೋನೇ ನಿಜವಾದ ಉಪಕರಣ. ನಿಮ್ಮ ಫೋನಿನಲ್ಲಿ ನಿಮ್ಮ ಪೋಸ್ಟ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಗುರುತಿಲ್ಲದವರಿಗೆ ಅದು ಹೇಗೆ ಕಾಣುತ್ತದೆ, ಕಂಡ ಮೇಲೆ ಅವರು ಏನು ಮಾಡಬೇಕು ಅನ್ನುವುದು ಅಲ್ಲಿ ಮಾತ್ರ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ ಹಾಕಿ ಬರೆದುಕೊಳ್ಳಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

"ಟ್ಯಾಗ್ ನೀಲಿ ಆಗ್ತಿಲ್ಲ, ಅರ್ಧಕ್ಕೆ ಮುರೀತಿದೆ"

ಪೋಸ್ಟ್ ಹಾಕಿದ ಮೇಲೆ ಟ್ಯಾಗ್ ಪೂರ್ತಿ ಬಣ್ಣ ಬದಲಿಸಬೇಕು, ಒತ್ತಿದರೆ ತೆರೆದುಕೊಳ್ಳಬೇಕು. '#ರಕ್ತದಾನ ಶಿಬಿರ' ಎಂದು ಬರೆದರೆ '#ರಕ್ತದಾನ' ಮಾತ್ರ ಟ್ಯಾಗ್ ಆಗುತ್ತದೆ. ಜಾಗ ಬಿಟ್ಟ ಕಡೆ ಅದು ಮುಗಿಯಿತು. ನಡುವಿನ ಚಿಕ್ಕ ಗೆರೆ, ಚುಕ್ಕಿ, ಆಶ್ಚರ್ಯ ಚಿಹ್ನೆ ಕೂಡ ಟ್ಯಾಗನ್ನು ಮುರಿಯುತ್ತವೆ. ಅಂಡರ್‌ಸ್ಕೋರ್ ಮುರಿಯುವುದಿಲ್ಲ. ಎಕ್ಸ್‌ನಲ್ಲಿ ಬರೀ ಅಂಕಿ ಹಾಕಿದರೆ ಟ್ಯಾಗ್ ಆಗುವುದಿಲ್ಲ, ಅಕ್ಷರವೂ ಬೇಕು. ಹ್ಯಾಶ್ ಗುರುತು ಹಿಂದಿನ ಪದಕ್ಕೆ ಅಂಟಿಕೊಂಡಿದ್ದರೂ ಕೆಲಸ ಕೆಡುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಮೂರು ತೊಂದರೆಗಳಿವೆ. ಮೊದಲನೆಯದು ಡಿಟಿಪಿ ಅಂಗಡಿಯಿಂದ ಬರುತ್ತದೆ. ಕರಪತ್ರ ಮಾಡಿಕೊಟ್ಟವರು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಪದ್ಧತಿ) ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅದನ್ನು ಹಾಗೇ ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಇಲ್ಲವೇ ಫೋನಿನಲ್ಲೇ ಹೊಸದಾಗಿ ಟೈಪ್ ಮಾಡಿ.

ಎರಡನೆಯದು ಕಣ್ಣಿಗೆ ಕಾಣದ ತೊಂದರೆ. 'ಬ್ಲಡ್‌ಬ್ಯಾಂಕ್' ಎಂಬಲ್ಲಿ ಡ್ ಮತ್ತು ಬ್ಯಾ ಬೇರೆಬೇರೆಯಾಗಿ ನಿಲ್ಲಲು ನಡುವೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಎರಡು ಬೇರೆ ಟ್ಯಾಗ್ ಆಗಿಬಿಡಬಹುದು. ಇದಕ್ಕೆ ಒಳ್ಳೆ ಉಪಾಯ ನಮ್ಮ ಭಾಷೆಯಲ್ಲೇ ಇದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. #ರಕ್ತದಾನ, #ನಮ್ಮಕೆರೆ, #ಪುಸ್ತಕಕೊಡಿ. ಇಂಥವನ್ನು ಆರಿಸಿಕೊಂಡರೆ ಕಾಣದ ಅಕ್ಷರದ ಗೋಜೇ ಇಲ್ಲ. ಎರಡನೇ ಪದ ಸ್ವರದಿಂದ ಶುರುವಾದರೆ ಮಾತ್ರ ಅಂಡರ್‌ಸ್ಕೋರ್ ಹಾಕಿ: #ಕೆರೆ_ಉಳಿಸಿ.

ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗ ಆಗುತ್ತದೆ. ರಕ್ತದಾನ ಎಂಬ ಒಂದು ಪದಕ್ಕೆ ಒಬ್ಬರು ಟಿ ಹಾಕುತ್ತಾರೆ, ಒಬ್ಬರು ಟಿ ಎಚ್ ಹಾಕುತ್ತಾರೆ, ದಾ ಬರೆಯಲು ಒಬ್ಬರಿಗೆ ಒಂದು ಎ ಸಾಕು, ಇನ್ನೊಬ್ಬರಿಗೆ ಎರಡು ಬೇಕು. ನಾಲ್ಕು ಸ್ವಯಂಸೇವಕರು, ನಾಲ್ಕು ಟ್ಯಾಗ್! ಸಂಸ್ಥೆಯ ವಾಟ್ಸಾಪ್ ಗುಂಪಿನಲ್ಲಿ ಕಾಗುಣಿತ ಗೊತ್ತುಮಾಡಿ ಪಿನ್ ಮಾಡಿಡಿ. ಎಲ್ಲರೂ ಅಲ್ಲಿಂದಲೇ ಕಾಪಿ ಮಾಡಲಿ. ಳ ಮತ್ತು ಲ ವ್ಯತ್ಯಾಸವೂ ಇಂಗ್ಲಿಷ್ ಅಕ್ಷರದಲ್ಲಿ ಉಳಿಯುವುದಿಲ್ಲ. 'ನಮ್ಮ ಹಳ್ಳಿ' ಅಂತ ನೀವು ಬರೆದದ್ದನ್ನು 'ನಮ್ಮ ಹಲ್ಲಿ' ಅಂತಲೂ ಓದಬಹುದು. ಗಟ್ಟಿಯಾಗಿ ಓದಿಸಿ ನೋಡಿ.

"ಟ್ಯಾಗ್ ಒತ್ತಿದರೆ ಎಲ್ಲರ ಪೋಸ್ಟ್ ಇದೆ, ನಮ್ಮದೇ ಇಲ್ಲ"

ಎರಡನೇ ಫೋನ್ ತೆಗೆದುಕೊಳ್ಳಿ, ಟ್ಯಾಗ್ ಹುಡುಕಿ.

ಖಾತೆ ಪ್ರೈವೇಟ್ ಆಗಿದೆಯೇ ಎಂದು ಮೊದಲು ನೋಡಿ. ಸಂಸ್ಥೆಯ ಖಾತೆಯನ್ನು ಯಾರೋ ಒಬ್ಬ ಸದಸ್ಯರು ತಮ್ಮ ಸ್ವಂತ ಖಾತೆಯ ಹಾಗೆ ತೆರೆದಿರುತ್ತಾರೆ, ಬೀಗ ಹಾಕಿರುತ್ತಾರೆ. ಪ್ರೈವೇಟ್ ಖಾತೆಯ ಪೋಸ್ಟ್ ಹ್ಯಾಶ್‌ಟ್ಯಾಗಿನಲ್ಲಿ ಹೊರಗಿನವರಿಗೆ ಕಾಣುವುದೇ ಇಲ್ಲ. ಫೇಸ್‌ಬುಕ್ಕಿನಲ್ಲಿ ಪೋಸ್ಟಿನ ಮೇಲಿರುವ ಚಿಹ್ನೆ ನೋಡಿ. ಭೂಗೋಳ ಇದ್ದರೆ ಎಲ್ಲರಿಗೂ ಕಾಣುತ್ತದೆ, ಇಬ್ಬರ ತಲೆ ಇದ್ದರೆ ಗೆಳೆಯರಿಗೆ ಮಾತ್ರ.

ಖಾತೆ ತೆರೆದೇ ಇದ್ದರೆ, ಇನ್‌ಸ್ಟಾಗ್ರಾಂನ ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ ಸ್ಟೇಟಸ್' ತೆರೆಯಿರಿ. ನಿಮ್ಮ ಯಾವುದಾದರೂ ಪೋಸ್ಟ್ ತೆಗೆದುಹಾಕಿದ್ದಾರೆಯೇ, ಫಾಲೋ ಮಾಡದವರಿಗೆ ನಿಮ್ಮನ್ನು ತೋರಿಸುತ್ತಿದ್ದಾರೆಯೇ ಎಂದು ಅಲ್ಲಿ ಗೊತ್ತಾಗುತ್ತದೆ. ತಡೆ ಇದ್ದರೆ ಅಲ್ಲಿಂದಲೇ ಮರುಪರಿಶೀಲನೆ ಕೇಳಬಹುದು. ಶಸ್ತ್ರಚಿಕಿತ್ಸೆ, ಗಾಯ, ರಕ್ತದ ಚಿತ್ರ ಹಾಕುವ ಆರೋಗ್ಯ ಸಂಸ್ಥೆಗಳು ಇಲ್ಲಿ ಸಿಕ್ಕಿಬೀಳುವುದು ಜಾಸ್ತಿ.

ಅಲ್ಲಿಯೂ ಎಲ್ಲ ಸರಿ ಇದೆ ಅಂದರೆ, ಟ್ಯಾಗೇ ತುಂಬಾ ದೊಡ್ಡದು. ಸಮಾಜಸೇವೆ, ದಾನ, ಭಾರತ ಇಂಥ ಟ್ಯಾಗುಗಳಲ್ಲಿ ಪೋಸ್ಟುಗಳು ಸುರಿಯುತ್ತಲೇ ಇರುತ್ತವೆ. ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಇದು ಕಾಯಿಲೆಯಲ್ಲ, ಮುಂದಿನ ಭಾಗಕ್ಕೆ ಹೋಗಿ.

ಇಲ್ಲೇ ಒಂದು ಎಚ್ಚರಿಕೆ. 'ನಿಮ್ಮ ಖಾತೆಗೆ ಬಿದ್ದ ತಡೆ ತೆಗೆಸಿಕೊಡುತ್ತೇವೆ, ಇಷ್ಟು ದುಡ್ಡು ಕೊಡಿ' ಎನ್ನುವ ಸಂದೇಶ ಬರುತ್ತದೆ. ಉತ್ತರ ಕೊಡಬೇಡಿ. ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ.

"ನಮ್ಮವರೇ ನೋಡ್ತಾರೆ, ಹೊಸಬರು ಯಾರೂ ಇಲ್ಲ"

ಅಂಕಿಅಂಶದ ಪುಟದಲ್ಲಿ ಫಾಲೋ ಮಾಡುವವರೆಷ್ಟು, ಮಾಡದವರೆಷ್ಟು ನೋಡಿದರು ಎಂದು ಬೇರೆಬೇರೆ ಇರುತ್ತದೆ. ಹೊಸಬರ ಪಾಲು ತಿಂಗಳುಗಟ್ಟಲೆ ಸೊನ್ನೆಯ ಹತ್ತಿರ ಇದ್ದರೆ ಇದು ನಿಮ್ಮ ದೋಷ.

ಮೊದಲು ಟ್ಯಾಗ್ ಕಡಿಮೆ ಮಾಡಿ. ಇನ್‌ಸ್ಟಾಗ್ರಾಂನವರೇ 2021ರಲ್ಲಿ ಮೂರರಿಂದ ಐದು ಸಾಕು ಎಂದು ಸಲಹೆ ಕೊಟ್ಟರು. ಯೂಟ್ಯೂಬ್‌ನಲ್ಲಿ ಮಿತಿ ದೊಡ್ಡದು, ಆದರೆ ಮೀರಿದರೆ ಶಿಕ್ಷೆ ಕಟ್ಟುನಿಟ್ಟು. ಒಂದು ವಿಡಿಯೊಗೆ 60ಕ್ಕಿಂತ ಹೆಚ್ಚು ಹಾಕಿದರೆ ಎಲ್ಲವನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ನಾಲ್ಕು ಹಾಕುತ್ತೇನೆ: ಊರಿನದ್ದೊಂದು, ಕೆಲಸದ್ದೊಂದು, ದಿನದ್ದೊಂದು, ನಮ್ಮ ಬಳಗದ್ದೊಂದು. ಇವುಗಳಲ್ಲಿ ಊರಿನ ಟ್ಯಾಗ್ ಎಲ್ಲಕ್ಕಿಂತ ಮುಖ್ಯ ಅನ್ನುವುದು ನನ್ನ ಅನುಭವ. ರಕ್ತ ಕೊಡುವವರು ದಾವಣಗೆರೆಯಲ್ಲಿ ಬೇಕಾದರೆ ದೆಹಲಿಯವರು ನೋಡಿ ಏನು ಪ್ರಯೋಜನ?

ಆಮೇಲೆ ಬರಹ ನೋಡಿ. 2024ರ ಡಿಸೆಂಬರ್‌ನಿಂದ ಇನ್‌ಸ್ಟಾಗ್ರಾಂನಲ್ಲಿ ಹ್ಯಾಶ್‌ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯ ಇಲ್ಲ. ಈಗ ಜನ ಹುಡುಕುವುದು ಪದಗಳಿಂದ. ಆದ್ದರಿಂದ ಊರು, ತಾರೀಖು, ವಿಷಯ ಇವು ಟ್ಯಾಗಿನಲ್ಲಿ ಮಾತ್ರ ಇದ್ದರೆ ಸಾಲದು, ಕೆಳಗಿನ ಬರಹದಲ್ಲೂ ಇರಬೇಕು. ಪೋಸ್ಟರಿನ ಚಿತ್ರದೊಳಗೆ ಮಾತ್ರ ಬರೆದು ಕೆಳಗೆ ಕೈಮುಗಿಯುವ ಎಮೋಜಿ ಹಾಕಿ ಬಿಡುವವರು ಬಹಳ. ಕಣ್ಣು ಕಾಣದವರಿಗೆ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಆ ಚಿತ್ರದೊಳಗಿನ ಬರಹ ಸರಿಯಾಗಿ ಸಿಗುವುದಿಲ್ಲ. ಇಂಗ್ಲಿಷ್ ಟ್ಯಾಗ್ ಹಾಕುವಾಗ ಪ್ರತಿ ಪದದ ಮೊದಲಕ್ಷರ ದೊಡ್ಡದಿರಲಿ. ಆಗ ಆ ಯಂತ್ರ ಪದಗಳನ್ನು ಬಿಡಿಸಿ ಓದುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಅದಕ್ಕೇ ಕನ್ನಡ ಟ್ಯಾಗ್ ಎರಡು ಪದ ಮೀರಬಾರದು.

ದಿನದ ಆಯ್ಕೆಯಲ್ಲೂ ಎಡವುತ್ತೇವೆ. ನವೆಂಬರ್ 1ಕ್ಕೆ ಎಲ್ಲರ ಗೋಡೆಯೂ ಕೆಂಪು ಹಳದಿ. ಅಂದು ಶಿಬಿರದ ಪೋಸ್ಟ್ ಹಾಕಿದರೆ ಬಾವುಟದ ಚಿತ್ರಗಳ ನಡುವೆ ಮುಳುಗುತ್ತದೆ. ನಿಮ್ಮ ಕೆಲಸದ ದಿನವನ್ನು ಹಿಡಿಯಿರಿ. ಜೌಗು ಭೂಮಿ, ಕೆರೆಗೆ ಫೆಬ್ರವರಿ 2. ರಕ್ತದಾನಿಗಳಿಗೆ ಜೂನ್ 14, ಮತ್ತೆ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅಂಗವಿಕಲರ ಜೊತೆ ಕೆಲಸ ಮಾಡುವವರಿಗೆ ಡಿಸೆಂಬರ್ 3. ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲೆಲ್ಲಾ ದಾನ ಉತ್ಸವ ನಡೆಯುತ್ತದೆ. 2009ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಸಣ್ಣ ಸಂಸ್ಥೆಗೆ ಇದಕ್ಕಿಂತ ಒಳ್ಳೆ ವಾರ ಸಿಗುವುದಿಲ್ಲ. ಅಂದೇ ಪೋಸ್ಟ್ ಹಾಕಬೇಡಿ, ಒಂದು ವಾರ ಮೊದಲೇ ಶುರು ಮಾಡಿ. ಬರುವವರು ಕೆಲಸಕ್ಕೆ ರಜೆ ಹೇಳಬೇಕು, ಮನೆಯಲ್ಲಿ ಹೇಳಬೇಕು, ಅಲ್ವಾ?

"ಲೈಕ್ ರಾಶಿ ಬಿತ್ತು, ಜನ ಮಾತ್ರ ಬರಲಿಲ್ಲ"

ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ದೂರು. ಇಲ್ಲಿ ಟ್ಯಾಗ್ ತನ್ನ ಕೆಲಸ ಮಾಡಿದೆ. ಜನರನ್ನು ಬಾಗಿಲವರೆಗೆ ಕರೆತಂದಿದೆ. ಬಾಗಿಲು ತೆಗೆಯುವವರಿಲ್ಲ.

ಎರಡನೇ ಫೋನನ್ನು ಪಕ್ಕದ ಮನೆಯವರ ಕೈಗೇ ಕೊಡಿ. ನೀವು ಬಾಯಿ ಬಿಡಬೇಡಿ. 'ಇದನ್ನು ನೋಡಿ ನೀವೀಗ ಏನು ಮಾಡ್ತೀರಿ?' ಎಂದಷ್ಟೇ ಕೇಳಿ. ಹತ್ತು ಸೆಕೆಂಡಿನಲ್ಲಿ ಅವರಿಗೆ ಎಲ್ಲಿಗೆ, ಯಾವಾಗ, ಯಾರನ್ನು ಕೇಳಿಕೊಂಡು ಬರಬೇಕು ಎಂದು ಹೇಳಲು ಬರದಿದ್ದರೆ ದೋಷ ಸಿಕ್ಕಿತು. ನಮ್ಮ ಒಂದು ಪೋಸ್ಟರಿನಲ್ಲಿ ಅತಿಥಿಗಳ ಐದು ಫೋಟೊ ಇತ್ತು, ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿತ್ತು. ಶಿಬಿರ ಬೆಳಗ್ಗೆ ಎಷ್ಟು ಗಂಟೆಗೆ ಅನ್ನುವುದು ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಕೇಳಿದ ಮೇಲೆಯೇ ನಮಗೆ ಕಂಡದ್ದು.

ಆಮೇಲೆ ಪೋಸ್ಟಿನಲ್ಲಿರುವ ನಂಬರಿಗೆ ಬೇರೆ ಫೋನಿನಿಂದ ಕರೆ ಮಾಡಿ. ಎತ್ತುತ್ತಾರೆಯೇ? ಲಿಂಕ್ ಒತ್ತಿ. ತೆರೆಯುತ್ತದೆಯೇ? ಫಾರಂ ತುಂಬಿ. ನಮ್ಮ ಫಾರಂನಲ್ಲಿ ಹದಿನಾಲ್ಕು ಪ್ರಶ್ನೆ ಇದ್ದವು, ತಂದೆಯ ಹೆಸರೂ ಸೇರಿ. ಹೆಸರು, ರಕ್ತದ ಗುಂಪು, ಫೋನ್, ಕೊನೆಯ ಸಲ ರಕ್ತ ಕೊಟ್ಟ ದಿನ, ಈ ನಾಲ್ಕಕ್ಕೆ ಇಳಿಸಿದೆವು. ನಾಲ್ಕನೆಯ ಪ್ರಶ್ನೆ ಬಿಡಲಾಗದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ಕೊಡಬಹುದು. ಹೋದ ತಿಂಗಳು ತಾನೇ ಕೊಟ್ಟವರನ್ನು ಕರೆಸಿ ವಾಪಸು ಕಳಿಸಿದರೆ ಅವರು ಇನ್ನೊಮ್ಮೆ ಬರುವುದು ಅನುಮಾನ.

ಇವೆಲ್ಲ ಸರಿಯಿದ್ದೂ ಜನ ಬರದಿದ್ದರೆ, ಟ್ಯಾಗಿನೊಳಗೆ ಕೆಲಸವೇನಾದರೂ ಇದೆಯೇ ನೋಡಿ. ಬೆಂಗಳೂರಿನಲ್ಲಿ 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ವಿರುದ್ಧ ಜನ ಎದ್ದರು. ಆಗಿನ ಟ್ಯಾಗ್ #ಸ್ಟೀಲ್‌ಫ್ಲೈಓವರ್‌ಬೇಡ, ಇಂಗ್ಲಿಷ್ ಅಕ್ಷರದಲ್ಲಿ. ಕೊನೆಯ ಒಂದು ಕನ್ನಡ ಪದ ನೋಡಿ: ಬೇಡ. ಕನ್ನಡ ಬಾರದವರೂ ಅದನ್ನು ಕಲಿತು ಹೇಳಿದರು. ಆದರೆ ಅದು ಫೋನಿನಲ್ಲೇ ಉಳಿಯಲಿಲ್ಲ. ಅಕ್ಟೋಬರ್ 16ರ ಭಾನುವಾರ ರಸ್ತೆಯಲ್ಲಿ ಮಾನವ ಸರಪಳಿ ಮಾಡಿದರು. ದಿನ ಗೊತ್ತಿತ್ತು, ಜಾಗ ಗೊತ್ತಿತ್ತು, ಮಾಡಬೇಕಾದದ್ದು ಸುಮ್ನೆ ಬಂದು ಕೈ ಹಿಡಿದು ನಿಲ್ಲುವುದು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅದೇ ಜನ ಉಪನಗರ ರೈಲಿಗಾಗಿ #ಚುಕುಬುಕುಬೇಕು ಅಂದರು. ಬೇಡ, ಬೇಕು, ಕೊಡಿ, ಬನ್ನಿ. ಟ್ಯಾಗಿನೊಳಗೆ ಕ್ರಿಯಾಪದ ಇದ್ದರೆ ಅದಕ್ಕೆ ಕೈಕಾಲು ಬರುತ್ತದೆ.

2014ರ ಐಸ್ ಬಕೆಟ್ ಚಾಲೆಂಜ್ ನಿಮಗೆ ನೆನಪಿರಬಹುದು. ತಲೆ ಮೇಲೆ ಮಂಜುಗಡ್ಡೆ ನೀರು ಸುರಿದುಕೊಳ್ಳುವುದು, ಮೂವರ ಹೆಸರು ಹೇಳುವುದು, ಅವರಿಗೆ 24 ಗಂಟೆ ಸಮಯ. ನರಗಳ ಕಾಯಿಲೆಯೊಂದರ ವಿರುದ್ಧ ದುಡಿಯುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಆ ಬೇಸಿಗೆಯಲ್ಲಿ 11.5 ಕೋಟಿ ಡಾಲರ್ ಬಂತು. ಅದನ್ನು ನೋಡಿದ ಹೈದರಾಬಾದಿನ ಪತ್ರಕರ್ತೆ ಮಂಜು ಲತಾ ಕಲಾನಿಧಿ ನೀರಿನ ಜಾಗದಲ್ಲಿ ಅಕ್ಕಿ ಇಟ್ಟರು: ಒಂದು ಬಕೆಟ್ ಅಕ್ಕಿಯನ್ನು ಹಸಿದವರೊಬ್ಬರಿಗೆ ಕೊಡಿ, ಫೋಟೊ ಹಾಕಿ, ಗೆಳೆಯರಿಗೂ ಹೇಳಿ. ನೀರಿಗೆ ಬಿಂದಿಗೆ ಹಿಡಿದು ಕಾಯುವ ದೇಶಕ್ಕೆ ಇದು ಎಷ್ಟು ಸರಿಯಾಗಿ ಹೊಂದಿಕೊಂಡಿತು! ಟ್ರೆಂಡ್ ಹಿಡಿಯುವುದು ಅಂದರೆ ನನ್ನ ಪಾಲಿಗೆ ಇದು. ಹೊರಗಿನ ಆಟದ ನಿಯಮ ಇಟ್ಟುಕೊಂಡು, ಒಳಗಿನ ಕೆಲಸವನ್ನು ನಮ್ಮೂರಿಗೆ ತಕ್ಕ ಹಾಗೆ ಮಾಡಿಕೊಳ್ಳುವುದು.

"ಟ್ರೆಂಡ್ ಹಿಡಿದೆವು, ಬೈಗುಳ ಬಂತು"

ಕಾಮೆಂಟುಗಳಲ್ಲಿ ಕೋಪ ಏರುತ್ತಿದ್ದರೆ ಮೊದಲು ಪೋಸ್ಟ್ ಮಾಡುವುದನ್ನು ನಿಲ್ಲಿಸಿ. ವಾದಕ್ಕೆ ಇಳಿಯಬೇಡಿ. ಟ್ಯಾಗ್ ಒತ್ತಿ, ಒಳಗೆ ಜನ ನಿಜಕ್ಕೂ ಏನು ಮಾತಾಡುತ್ತಿದ್ದಾರೆ ಎಂದು ಕನಿಷ್ಠ ಇಪ್ಪತ್ತು ಪೋಸ್ಟ್ ಓದಿ. ಇದನ್ನು ಪೋಸ್ಟ್ ಹಾಕುವ ಮೊದಲೇ ಮಾಡಬೇಕಿತ್ತು.

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಗಂಡಂದಿರಿಂದ ಹೊಡೆಸಿಕೊಂಡ ಹೆಂಗಸರು 'ನಾನು ಯಾಕೆ ಉಳಿದೆ' ಎಂಬ ಅರ್ಥದ ಟ್ಯಾಗಿನಲ್ಲಿ ತಮ್ಮ ಕತೆ ಹೇಳಿಕೊಳ್ಳುತ್ತಿದ್ದರು. ಒಂದು ಪಿಜ್ಜಾ ಕಂಪನಿ ಅದೇನೆಂದು ನೋಡದೆ, ಅದೇ ಟ್ಯಾಗ್ ಹಾಕಿ 'ಪಿಜ್ಜಾ ಇತ್ತಲ್ಲ' ಅಂದಿತು. ಕೂಡಲೇ ಅಳಿಸಿ ಕ್ಷಮೆ ಕೇಳಿತು. ಕಂಪನಿಗೆ ಅದು ಒಂದು ದಿನದ ಮುಜುಗರ. ಜನರ ನಂಬಿಕೆಯ ಮೇಲೇ ನಿಂತ ಸಂಸ್ಥೆಗೆ ಹಾಗಲ್ಲ.

ಒಳ್ಳೆ ಮನಸ್ಸಿನಿಂದಲೂ ಹಾನಿಯಾಗುತ್ತದೆ. 2020ರ ಜೂನ್ 2ರಂದು ಕಪ್ಪು ಜನರಿಗೆ ಬೆಂಬಲವಾಗಿ ಲಕ್ಷಾಂತರ ಮಂದಿ ಇನ್‌ಸ್ಟಾಗ್ರಾಂನಲ್ಲಿ ಬರೀ ಕಪ್ಪು ಚೌಕ ಹಾಕಿದರು. ಹಲವರು ಜೊತೆಗೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಟ್ಯಾಗನ್ನೂ ಸೇರಿಸಿದರು. ಪ್ರತಿಭಟನೆಯಲ್ಲಿದ್ದವರು ಮಾಹಿತಿ, ಸಹಾಯದ ವಿವರ ಹಂಚಿಕೊಳ್ಳುತ್ತಿದ್ದದ್ದು ಅದೇ ಟ್ಯಾಗಿನಲ್ಲಿ. ಒತ್ತಿದರೆ ಕಪ್ಪು ಚೌಕವೇ ಚೌಕ. ಬೇಕಾದದ್ದು ಕೆಳಗೆಲ್ಲೋ ಹೂತುಹೋಯಿತು. ನಮ್ಮ ಮಳೆಗಾಲದಲ್ಲಿ ಇದನ್ನು ನೆನಪಿಡಿ. ಪ್ರವಾಹದ ಟ್ಯಾಗಿನಲ್ಲಿ ದೋಣಿ ಕೇಳುವವರು, ಔಷಧಿ ಕೇಳುವವರು ಇರುತ್ತಾರೆ. ಅಲ್ಲಿ 'ನಿಮ್ಮೊಂದಿಗಿದ್ದೇವೆ' ಎಂಬ ಪೋಸ್ಟರ್, ಸಂಸ್ಥೆಯ ಲೋಗೊ ಹಾಕಬೇಡಿ. ಕೊಡಲು ಏನಾದರೂ ಇದ್ದರೆ, ಎಲ್ಲಿದೆ ಎಂದು ಹೇಳಿ.

ತಪ್ಪಾಗಿದ್ದರೆ ಪೋಸ್ಟ್ ತೆಗೆದು, ಏನು ತಪ್ಪಾಯಿತು ಎಂದು ಎರಡು ಸಾಲಿನಲ್ಲಿ ಹೇಳಿ, ಕ್ಷಮೆ ಕೇಳಿ. ಸುಮ್ನೆ ಅಳಿಸಿಬಿಟ್ಟರೆ ಸ್ಕ್ರೀನ್‌ಶಾಟ್ ತಿರುಗುತ್ತಲೇ ಇರುತ್ತದೆ.

"ಎಲ್ಲರೂ ಸೇರಿ ಒಟ್ಟಿಗೆ ಟ್ವೀಟ್ ಮಾಡಿದೆವು, ಟ್ರೆಂಡ್ ಆಗಲಿಲ್ಲ"

ಎಕ್ಸ್‌ನ ಟ್ರೆಂಡ್ ಪಟ್ಟಿ ಒಟ್ಟು ಸಂಖ್ಯೆಗಿಂತ ದಿಢೀರ್ ಏರಿಕೆಗೆ ಬೆಲೆ ಕೊಡುತ್ತದೆ. ದಿನವಿಡೀ ಹನಿಹನಿಯಾಗಿ ಹಾಕಿದ ಐನೂರಕ್ಕಿಂತ, ಸಂಜೆ ಆರರಿಂದ ಏಳರೊಳಗೆ ಬಂದ ಇನ್ನೂರು ಮೇಲಕ್ಕೇರುವ ಸಾಧ್ಯತೆ ಹೆಚ್ಚು. ಪಟ್ಟಿ ಊರೂರಿಗೆ ಬೇರೆ. ನಿಮ್ಮ ಊರಿನ ಪಟ್ಟಿ ನೋಡಿ.

ವಾಟ್ಸಾಪಿನಲ್ಲಿ ಹಂಚಿದ ಒಂದೇ ವಾಕ್ಯವನ್ನು ಎಲ್ಲರೂ ಅಂಟಿಸಿದಿರಾ? ಅದೇ ಮುಖ್ಯ ದೋಷ ಇರಬಹುದು. ಒಂದೇ ಬರಹ ಹಲವು ಖಾತೆಗಳಿಂದ ಬಂದರೆ ಎಕ್ಸ್ ಅದನ್ನು ಸ್ಪ್ಯಾಮ್ ಎಂದು ಹಿಂದಕ್ಕೆ ಸರಿಸುತ್ತದೆ. ಟ್ಯಾಗ್ ಮಾತ್ರ ಹಂಚಿ, ಮಾತು ಅವರವರದ್ದಿರಲಿ. 'ನನ್ನ ತಮ್ಮನಿಗೆ ಅಂದು ರಕ್ತ ಸಿಕ್ಕಿದ್ದರಿಂದ ಬದುಕಿದ' ಎಂಬ ಒಂದು ಸ್ವಂತ ಸಾಲು ನೂರು ನಕಲಿಗಿಂತ ದೂರ ಹೋಗುತ್ತದೆ. ದುಡ್ಡು ಕೊಟ್ಟರೆ ಟ್ರೆಂಡ್ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಅದು ನಿಯಮಕ್ಕೆ ವಿರುದ್ಧ. ದಾನಿಗಳು ಕೊಟ್ಟ ದುಡ್ಡು ಅದಕ್ಕಲ್ಲ.

"ರೀಲ್‌ನ ಹಾಡೇ ಮಾಯವಾಗಿದೆ"

ಖಾತೆ ಬಿಸಿನೆಸ್ ಬಗೆಯದ್ದಾಗಿದ್ದರೆ ಟ್ರೆಂಡಿನಲ್ಲಿರುವ ಹಲವು ಹಾಡುಗಳು ಸಿಗುವುದಿಲ್ಲ. ಹಕ್ಕುಸ್ವಾಮ್ಯದ ಕಾರಣ. ಹೊರಗಿನಿಂದ ಸಿನಿಮಾ ಹಾಡು ಸೇರಿಸಿದರೆ ಧ್ವನಿ ತೆಗೆದುಹಾಕಬಹುದು. ನಿಮ್ಮ ಶಿಬಿರದ ನಿಜವಾದ ಸದ್ದು, ಯಾರಾದರೊಬ್ಬರ ಮಾತು ಹಾಕಿ. ಧ್ವನಿ ಇಲ್ಲದೆ ನೋಡುವವರಿಗೆ ಕೆಳಗೆ ಕನ್ನಡದಲ್ಲಿ ಸಾಲು ಹಾಕಿ.

"ಹಳೆ ಮನವಿ ಇನ್ನೂ ತಿರುಗ್ತಾನೇ ಇದೆ"

ಟ್ಯಾಗ್ ಚೆನ್ನಾಗಿ ಕೆಲಸ ಮಾಡಿದರೆ ಬರುವ ದೋಷ ಇದು. 'ಬಿ ನೆಗೆಟಿವ್ ರಕ್ತ ಬೇಕು, ಅರ್ಜೆಂಟ್, ಇಂದು' ಎಂದು ಹಾಕಿದ್ದೆವು. 'ಇಂದು' ಯಾವ ದಿನ? ರೋಗಿ ಗುಣವಾಗಿ ಮನೆಗೆ ಹೋಗಿ ಎಂಟು ತಿಂಗಳಾದರೂ ಅವರ ಅಣ್ಣನಿಗೆ ಕರೆ ಬರುತ್ತಿತ್ತು. ರಾತ್ರಿ ಎರಡು ಗಂಟೆಗೂ. 2021ರ ಕೊರೊನಾ ಎರಡನೇ ಅಲೆಯಲ್ಲಿ ಆಮ್ಲಜನಕ, ಹಾಸಿಗೆಯ ನಂಬರುಗಳೂ ಹೀಗೇ ಆದವು. ಖಾಲಿಯಾದ ಮೇಲೂ ಫಾರ್ವರ್ಡ್ ಆಗುತ್ತಲೇ ಇದ್ದವು. ಉಸಿರಿಗಾಗಿ ಒದ್ದಾಡುತ್ತಿದ್ದವರ ಮನೆಯವರು ಹತ್ತು ಸತ್ತ ನಂಬರಿಗೆ ಕರೆ ಮಾಡಬೇಕಾಯಿತು.

ಈಗ ನಾವು ಮಾಡುವುದು ಹೀಗೆ. ಮೊದಲ ಸಾಲಿನಲ್ಲೇ ತಾರೀಖು, ಗಂಟೆ, ಮತ್ತು 'ಈ ಗಂಟೆಯ ನಂತರ ಕರೆ ಮಾಡಬೇಡಿ' ಎಂಬ ಮಾತು. ಚಿತ್ರದೊಳಗೂ ಅದೇ ಇರುತ್ತದೆ, ಯಾಕೆಂದರೆ ಫಾರ್ವರ್ಡ್ ಆಗುವುದು ಚಿತ್ರ ಮಾತ್ರ. ಮನೆಯವರ ನಂಬರಿನ ಬದಲು ಬಳಗದ ನಂಬರ್. ರಕ್ತ ಸಿಕ್ಕ ಕೂಡಲೇ ಮೊದಲ ಸಾಲು ತಿದ್ದಿ 'ಸಿಕ್ಕಿದೆ, ಧನ್ಯವಾದ' ಎಂದು ಬರೆಯುತ್ತೇವೆ. ಪೋಸ್ಟ್ ಅಳಿಸುವುದಿಲ್ಲ. ಅಳಿಸಿದರೆ ಫಾರ್ವರ್ಡ್ ಬಂದವರಿಗೆ ಪರೀಕ್ಷಿಸಲು ಜಾಗವೇ ಇರುವುದಿಲ್ಲ. ಮನವಿ ಹಾಕುವ ಮೊದಲು ಸರ್ಕಾರದ ಇ-ರಕ್ತಕೋಶ ತಾಣದಲ್ಲಿ ಹತ್ತಿರದ ರಕ್ತನಿಧಿಗಳ ದಾಸ್ತಾನು ನೋಡುತ್ತೇವೆ. ಅಲ್ಲೇ ಇದ್ದರೆ ಪೋಸ್ಟೇ ಬೇಡ. ರಕ್ತಕ್ಕೆ ದುಡ್ಡು ಕೇಳುವವರು ಕಾಮೆಂಟಿನಲ್ಲಿ ಬಂದರೆ ತಕ್ಷಣ ತೆಗೆದುಹಾಕಿ. ರಕ್ತ ಮಾರಾಟ ನಮ್ಮ ದೇಶದಲ್ಲಿ ನಿಷಿದ್ಧ.

ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕೇಳಿ

ಕೆಲವು ಲಕ್ಷಣಗಳನ್ನು ನೀವೇ ಸರಿಮಾಡಲು ಹೋಗಬಾರದು.

ಮಕ್ಕಳ ಫೋಟೊ. ಪೋಸ್ಟ್ ಚೆನ್ನಾಗಿ ಓಡುತ್ತಿದೆ, ಅದರಲ್ಲಿ ನಿಮ್ಮ ಆಶ್ರಯದ ಮಗುವಿನ ಮುಖ ಇದೆ ಎಂದಾದರೆ ಈಗಲೇ ತೆಗೆಯಿರಿ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಬಯಲು ಮಾಡುವಂತಿಲ್ಲ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತನ್ನು ಪೋಕ್ಸೊ ಕಾಯ್ದೆ ಪ್ರತ್ಯೇಕವಾಗಿ ಕಾಪಾಡುತ್ತದೆ. ಮುಖಕ್ಕೆ ಎಮೋಜಿ ಅಂಟಿಸಿ, ಹಿಂದೆ ಶಾಲೆಯ ಫಲಕ ಕಾಣುವಂತೆ ಬಿಟ್ಟರೆ ಮುಚ್ಚಿದ ಹಾಗಾಗಲಿಲ್ಲ. ಕಾನೂನು ಇರಲಿ ಬಿಡಲಿ, ಆ ಮಗು ನಾಳೆ ದೊಡ್ಡವಳಾಗಿ ತನ್ನ ಹೆಸರು ಹುಡುಕಿದಾಗ ಏನು ಕಾಣಬೇಕು ಎಂದು ಯೋಚಿಸಿ. ಕಾಮೆಂಟಿನಲ್ಲಿ ಯಾರಾದರೂ ಮಗು ಅಪಾಯದಲ್ಲಿದೆ ಎಂದು ಬರೆದರೆ ಅಲ್ಲಿ ಚರ್ಚೆ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೊರದೇಶದ ದುಡ್ಡು. ಅಮೆರಿಕದಲ್ಲಿ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂದಿನ ಮಂಗಳವಾರ, 2012ರಿಂದ, ಗಿವಿಂಗ್ ಟ್ಯೂಸ್‌ಡೇ ಎಂಬ ದಾನದ ದಿನ ನಡೆಯುತ್ತಿದೆ. ಅಲ್ಲಿನ ಕನ್ನಡಿಗರು ಊರಿನ ಶಾಲೆಗೆ, ಕೆರೆಗೆ ಕೊಡಲು ಮುಂದೆ ಬರುತ್ತಾರೆ. ಸಂತೋಷ. ಆದರೆ ಕೊಡುವವರ ಪಾಸ್‌ಪೋರ್ಟ್ ಯಾವುದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಆ ದುಡ್ಡಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆ ಅನುಮತಿ ಇಲ್ಲದ ಸಂಸ್ಥೆ ಕ್ಯೂಆರ್ ಕೋಡ್ ಹಾಕಿ ಜಗತ್ತಿಗೆಲ್ಲ ಹಂಚುವ ಮೊದಲು ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಲಿ. ದುಡ್ಡು ಬಂದ ಮೇಲಲ್ಲ.

ನಕಲಿ ಖಾತೆ. ನಿಮ್ಮ ಟ್ಯಾಗಿನಲ್ಲೇ, ನಿಮ್ಮ ಪೋಸ್ಟರಿನಲ್ಲೇ, ಬೇರೆಯವರ ಕ್ಯೂಆರ್ ಕೋಡ್ ಕಂಡರೆ ಇದು ಕಳ್ಳತನ. ಸ್ಕ್ರೀನ್‌ಶಾಟ್ ತೆಗೆಯಿರಿ, ಆ ಖಾತೆಯ ಕೊಂಡಿ, ಯುಪಿಐ ವಿಳಾಸ, ನೋಡಿದ ದಿನ, ಸಮಯ ಬರೆದುಕೊಳ್ಳಿ. ದುಡ್ಡು ಕಳೆದುಕೊಂಡವರಿದ್ದರೆ ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ಎಷ್ಟು ಬೇಗ ಹೇಳಿದರೆ ಅಷ್ಟು ದುಡ್ಡು ತಡೆಯುವ ಸಾಧ್ಯತೆ. ನಿಮ್ಮ ಖಾತೆಯಲ್ಲಿ 'ನಮ್ಮ ಖಾತೆ ಇದೊಂದೇ' ಎಂದು ಹಾಕಿ, ಪಿನ್ ಮಾಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ ಎಂದು ನಿಮ್ಮ ಸ್ವಯಂಸೇವಕರಿಗೂ ಮತ್ತೆ ಮತ್ತೆ ಹೇಳಿ. 'ದೇಣಿಗೆ ಕಳಿಸುತ್ತೇನೆ, ಪಿನ್ ಹಾಕಿ' ಎನ್ನುವವನು ದಾನಿಯಲ್ಲ.

ಖಾತೆಯೇ ಕೈತಪ್ಪಿದ್ದರೆ ಮೊದಲು ಅದಕ್ಕೆ ಜೋಡಿಸಿದ ಇಮೇಲ್ ಮತ್ತು ಫೋನ್ ನಂಬರ್ ಯಾರದ್ದು ಎಂದು ನೋಡಿ. ಎರಡು ವರ್ಷದ ಹಿಂದೆ ಬಿಟ್ಟುಹೋದ ಹುಡುಗನದ್ದಾಗಿದ್ದರೆ ಅವನಿಗೆ ಫೋನ್ ಮಾಡಿ, ಪ್ರೀತಿಯಿಂದ ಕೇಳಿ. ಸಿಕ್ಕಿದ ದಿನವೇ ಸಂಸ್ಥೆಯ ಇಮೇಲ್‌ಗೆ ಬದಲಾಯಿಸಿ, ಎರಡು ಹಂತದ ದೃಢೀಕರಣ ಹಾಕಿ, ಇಬ್ಬರಿಗೆ ಅಧಿಕಾರ ಕೊಡಿ. ದಾನಿಗಳ ಹೆಸರು, ನಂಬರಿನ ಪಟ್ಟಿಯನ್ನು ನಿಮ್ಮ ಬಳಿಯೇ ಬೇರೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡಕ್ಕೆ ಜಾಗ ಕೊಟ್ಟಿದ್ದ 'ಕೂ' ಎಂಬ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಬೆಂಬಲಿಗರನ್ನು ಮತ್ತೆ ಹುಡುಕಲು ನಮ್ಮ ಹತ್ತಿರ ಒಂದು ಫೋನ್ ನಂಬರೂ ಇರಲಿಲ್ಲ. ಈಗ ಶಿಬಿರಕ್ಕೆ ಬಂದವರ ಹೆಸರು, ರಕ್ತದ ಗುಂಪು, ನಂಬರನ್ನು ಅವರ ಒಪ್ಪಿಗೆ ಪಡೆದು ಅವತ್ತೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.